ಜೈಲಲ್ಲಿದ್ದ ಅಣ್ಣನ ಕಾಲಿಗಾಗಿ ಐದು ತಿಂಗಳು

ತಾಲ್ಲೂಕು ಆಫೀಸಿನ ಎದುರು ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಹದಿಮೂರು ವರ್ಷದಿಂದ ಊರಿನವರ ಅರ್ಜಿ ಟೈಪ್ ಮಾಡಿಕೊಡುತ್ತಿದ್ದೇನೆ. ಪಹಣಿ ತಿದ್ದುಪಡಿ, ವಿಧವಾ ವೇತನ, ವಂಶವೃಕ್ಷ, ಯಾವುದೇ ಇರಲಿ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಅನ್ನುವುದು ನನ್ನ ಬೆರಳಿಗೆ ಬಾಯಿಪಾಠ. ಆದರೂ ಕಳೆದ ಜೂನ್‌ನಲ್ಲಿ ಸ್ವಂತ ಅಣ್ಣನಿಗೆ ಜೈಲಿನಲ್ಲಿ ಸರಿಯಾಗಿ ಇನ್ಸುಲಿನ್ ಕೊಡಿ ಅಂತ ಬರೆಯಲು ಕೂತಾಗ, 'ಗೆ' ಅಂತ ಟೈಪ್ ಮಾಡಿ ನಿಂತುಬಿಟ್ಟೆ. ಯಾರಿಗೆ ಬರೆಯಬೇಕು? ಜೈಲಿನವರಿಗಾ, ಡಾಕ್ಟರಿಗಾ, ಪೊಲೀಸರಿಗಾ, ಕೋರ್ಟಿಗಾ?

ಅದು ಗೊತ್ತಾಗಿ, ಕೆಲಸ ಆಗುವಷ್ಟರಲ್ಲಿ ಅಣ್ಣನ ಎಡಗಾಲಿನ ಎರಡು ಬೆರಳು ಹೋಗಿದ್ದವು. ಇದೇ ದಾರಿಯಲ್ಲಿ ಇನ್ನೂ ಎಷ್ಟೋ ಜನ ಓಡಾಡುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೊಲದ ಬದುವಿನ ಜಗಳ. ಆ ಕಡೆಯವರಿಗೆ ತಲೆಗೆ ಪೆಟ್ಟಾಯಿತು, ಅಣ್ಣನ ಮೇಲೆ ಕೊಲೆ ಯತ್ನದ ಕೇಸಾಯಿತು. ತಪ್ಪು ಯಾರದು ಅನ್ನುವುದು ಕೋರ್ಟಿನಲ್ಲಿದೆ, ಇಲ್ಲಿ ಅದರ ಮಾತು ಬೇಡ. ಅಣ್ಣನಿಗೆ 47 ವರ್ಷ. ಸಕ್ಕರೆ ಕಾಯಿಲೆ ಹದಿನಾರು ವರ್ಷದ್ದು. ಏಳು ವರ್ಷದಿಂದ ದಿನಕ್ಕೆ ಎರಡು ಸಲ ಇನ್ಸುಲಿನ್.

ಬಂಧಿಸಿದ ದಿನ ಪೊಲೀಸರು ಆಸ್ಪತ್ರೆಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿದರು. ಅದು ಕಾನೂನು, ತೋರಿಸಲೇಬೇಕು. ವರದಿಯಲ್ಲಿ ಇದ್ದದ್ದು ಒಂದೇ ಸಾಲು: ಮೈಮೇಲೆ ಹೊಸ ಗಾಯಗಳಿಲ್ಲ. ಸಕ್ಕರೆ ಕಾಯಿಲೆಯ ಬಗ್ಗೆ ಒಂದಕ್ಷರ ಇಲ್ಲ. ಕೇಳಲಿಲ್ಲ, ಅಣ್ಣನೂ ಹೇಳಲಿಲ್ಲ. ಆ ಹೊತ್ತಿಗೆ ಯಾರಿಗೆ ಅದರ ಗ್ಯಾನ ಇರುತ್ತದೆ ಹೇಳಿ. ಆ ವರದಿಯ ಒಂದು ಪ್ರತಿ ಬಂಧಿತನಿಗೆ ಅಥವಾ ಅವನು ಹೇಳಿದವರಿಗೆ ಕೊಡಬೇಕು ಅಂತ ಬಿಎನ್‌ಎಸ್‌ಎಸ್, ಅಂದರೆ ಹಳೇ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಸೆಕ್ಷನ್‌ನಲ್ಲಿದೆ. ಅದು ನನಗೆ ಗೊತ್ತಾಗಿದ್ದು ಸೆಪ್ಟೆಂಬರ್‌ನಲ್ಲಿ. ನಿಮ್ಮವರನ್ನು ಇವತ್ತೇ ಹಿಡಿದುಕೊಂಡು ಹೋಗಿದ್ದರೆ, ವಕೀಲರನ್ನು ಹುಡುಕುವುದಕ್ಕಿಂತ ಮೊದಲು ಹಳೇ ಔಷಧಿ ಚೀಟಿ ಹಿಡಿದುಕೊಂಡು ಆ ಆಸ್ಪತ್ರೆಗೆ ಓಡಿ. ಕಾಯಿಲೆಯ ಹೆಸರು ಆ ಮೊದಲ ಕಾಗದದಲ್ಲಿ ಬಂದರೆ ಮುಂದಿನ ಅರ್ಧ ದಾರಿ ಸವೆದ ಹಾಗೆ.

ಜೈಲಿಗೆ ಹೋದ ಮರುದಿನವೇ ನಾನು ಗೇಟಿನ ಮುಂದೆ ಇದ್ದೆ. ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಐಸ್ ಪ್ಯಾಕ್, ಅದರ ಮೇಲೆ ಎರಡು ಇನ್ಸುಲಿನ್ ಬಾಟಲಿ. 'ಹೊರಗಿನ ಔಷಧಿ ತಗೊಳ್ಳೂದಿಲ್ರೀ' ಅಂದರು. ಸಿರಿಂಜಂತೂ ದೂರದ ಮಾತು. ಮೂರು ದಿನ ಇನ್ಸುಲಿನ್ ಇಲ್ಲದೆ ಹೋಯಿತು. ನಾಲ್ಕನೇ ದಿನ ಜೈಲು ಆಸ್ಪತ್ರೆಯ ಫಾರ್ಮಸಿಸ್ಟ್ ಒಬ್ಬರು ಪುಣ್ಯಾತ್ಮರು ಹೊರಗೆ ಬಂದು ಗುಟ್ಟು ಹೇಳಿಕೊಟ್ಟರು. ಹೊರಗಿನ ಡಾಕ್ಟರ ಚೀಟಿಯನ್ನು ಜೈಲಿನ ವೈದ್ಯಾಧಿಕಾರಿ ನೋಡಿ, 'ಅಗತ್ಯವಿದೆ' ಅಂತ ಬರೆದರೆ ಆಯಿತು. ಆಮೇಲೆ ಅವರದೇ ಸ್ಟಾಕಿನಿಂದ ಕೊಡುತ್ತಾರೆ, ಇಲ್ಲದಿದ್ದರೆ ಹೊರಗಿನದನ್ನು ಒಳಗೆ ಬಿಡುತ್ತಾರೆ. ಅಲ್ಲೇ ಎದುರಿನ ಅಂಗಡಿಯಲ್ಲಿ ಚೀಟಿಗಳನ್ನೆಲ್ಲ ಜೆರಾಕ್ಸ್ ಮಾಡಿಸಿ, ಮೇಲೊಂದು ಪತ್ರ ಬರೆದು, ಒಳಗೆ ಕಳಿಸಿದೆ. ನನ್ನ ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಲಿಲ್ಲ. ದಿನಾ ಜನರಿಗೆ 'ಸೀಲು ಹಾಕಿಸ್ಕೊಳ್ರಿ' ಅಂತ ಬುದ್ಧಿ ಹೇಳುವವಳು ನಾನೇ!

ಇನ್ಸುಲಿನ್ ಶುರುವಾಯಿತು. ತೊಂದರೆಯೂ ಶುರುವಾಯಿತು.

ಜೈಲಿನಲ್ಲಿ ರಾತ್ರಿ ಊಟ ಸಂಜೆಯೇ ಮುಗಿಯುತ್ತದೆ. ಐದೂವರೆಗೆ ಊಟ, ಆರಕ್ಕೆಲ್ಲ ಬ್ಯಾರಕ್ಕಿಗೆ ಬೀಗ. ಹಾಗಾಗಿ ರಾತ್ರಿಯ ಇನ್ಸುಲಿನ್ ಐದಕ್ಕೇ ಚುಚ್ಚುತ್ತಿದ್ದರು. ಮನೆಯಲ್ಲಾದರೆ ಒಂಬತ್ತಕ್ಕೆ ರೊಟ್ಟಿ ತಿಂದು, ಮಲಗುವಾಗ ಅರ್ಧ ಲೋಟ ಹಾಲು ಕುಡಿಯುವ ಮನುಷ್ಯ. ಅಲ್ಲಿ ಐದೂವರೆಯ ಮೇಲೆ ಬೆಳಗಿನವರೆಗೆ ಏನೂ ಇಲ್ಲ. ನಡುರಾತ್ರಿ ಸಕ್ಕರೆ ಇಳಿದು ಮೈಯೆಲ್ಲ ಬೆವರು, ನಡುಕ. ಬೀಗ ತೆಗೆಸಿ ಡಾಕ್ಟರನ್ನು ಕರೆಸುವುದೆಂದರೆ ಅದೊಂದು ದೊಡ್ಡ ಕಥೆ. ಪಕ್ಕದ ಹಾಸಿಗೆಯ ಹುಡುಗ ಕ್ಯಾಂಟೀನಿನಲ್ಲಿ ತೆಗೆದುಕೊಂಡ ಬೆಲ್ಲವನ್ನು ಪೇಪರಿನಲ್ಲಿ ಕಟ್ಟಿ ದಿಂಬಿನಡಿ ಇಡುತ್ತಿದ್ದನಂತೆ. ಅಣ್ಣ ನಡುಗುವುದು ಕಂಡರೆ ಬಾಯಿಗೆ ತುರುಕುವುದು. ಗ್ಲುಕೋಮೀಟರ್ ಒಳಗೆ ಬಿಡಿ ಅಂದರೆ ಅದರ ಸೂಜಿ ಚೂಪಾದ ವಸ್ತು, ಆಗದು ಅಂದರು. ಅಣ್ಣ ಹೆದರಿ ಸಂಜೆ ಇನ್ಸುಲಿನ್ ತೆಗೆದುಕೊಳ್ಳುವುದನ್ನೇ ಬಿಟ್ಟ. ದಾಖಲೆಯಲ್ಲಿ 'ಕೈದಿ ನಿರಾಕರಿಸಿದ' ಅಂತ ಬಂತು. ಈ ಎರಡು ಪದ ಮುಂದೆ ನಮಗೆ ಎಷ್ಟು ದುಬಾರಿಯಾಯಿತು ಅಂತ ಹೇಳುತ್ತೇನೆ.

ಜುಲೈ ಕೊನೆಗೆ ಎಡಗಾಲಿನ ಎರಡನೇ ಬೆರಳಿನ ಬುಡದಲ್ಲಿ ಒಂದು ಬೊಬ್ಬೆ. ಸಕ್ಕರೆಯಿಂದ ಅವನ ಪಾದಕ್ಕೆ ಸ್ಪರ್ಶವೇ ಇಲ್ಲ. ನೋವಿಲ್ಲ, ಹಾಗಾಗಿ ಗೊತ್ತೂ ಆಗಲಿಲ್ಲ. ಮನೆಯಲ್ಲಿ ಎಂಸಿಆರ್ ಚಪ್ಪಲಿ ಹಾಕುತ್ತಿದ್ದ, ಸಕ್ಕರೆಯವರಿಗೆ ಅಂತ ಮೆತ್ತಗೆ ಮಾಡಿರುತ್ತಾರಲ್ಲ, ಅದು. ಜೈಲಿಗೆ ಹೋಗುವಾಗ ಅದು ಮನೆಯಲ್ಲೇ ಉಳಿದಿತ್ತು. ಆಗಸ್ಟ್‌ನಲ್ಲಿ ತೆಗೆದುಕೊಂಡು ಹೋದರೆ ಗೇಟಿನಲ್ಲಿ ತಡೆದರು. ಅಡಿಭಾಗ ದಪ್ಪವಿದೆ, ಒಳಗೆ ಏನಾದರೂ ಬಚ್ಚಿಡಬಹುದು ಅಂತ. ಕತ್ತರಿಸಿ ನೋಡಿಕೊಳ್ಳಿ ಅಂದೆ. ನಕ್ಕರು.

ಆ ದಿನ ಬಸ್ಸಿನಲ್ಲಿ ಚಪ್ಪಲಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಸ್ಟ್ಯಾನ್ ಸ್ವಾಮಿ ನೆನಪಾದರು. ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆಯ ಮುದಿ ಪಾದ್ರಿ, ಹಿಂದೆ ನಮ್ಮ ಬೆಂಗಳೂರಿನಲ್ಲೇ ಎಷ್ಟೋ ವರ್ಷ ಕೆಲಸ ಮಾಡಿದವರು. 2020ರಲ್ಲಿ ಮುಂಬೈ ಪಕ್ಕದ ತಳೋಜಾ ಜೈಲಿನಿಂದ, ನೀರು ಕುಡಿಯಲು ಒಂದು ಸ್ಟ್ರಾ ಮತ್ತು ಸಿಪ್ಪರ್ ಕೊಡಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಗಿತ್ತು. ಉತ್ತರ ಕೊಡಲು ತನಿಖಾ ಸಂಸ್ಥೆಗೆ 20 ದಿನ ಸಮಯ ಸಿಕ್ಕಿತ್ತು. 2021ರ ಜುಲೈ 5ರಂದು, ಜಾಮೀನಿಗೆ ಕಾಯುತ್ತಲೇ, ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಕೇಸು ಬೇರೆ, ನಮ್ಮದು ಬೇರೆ. ಆದರೆ ಚಪ್ಪಲಿಗಾಗಿ ಹೈಕೋರ್ಟಿಗೆ ಹೋಗುವ ದಿನ ನನಗೂ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಆಗಸ್ಟ್ 12ಕ್ಕೆ ಜೈಲು ಸೂಪರಿಂಟೆಂಡೆಂಟರಿಗೆ ಪತ್ರ ಕೊಟ್ಟೆ. ಈ ಸಲ ಸೀಲು ಹಾಕಿಸಿಕೊಂಡೆ. ಜಿಲ್ಲಾಸ್ಪತ್ರೆಗೆ ಕಳಿಸುತ್ತೇವೆ ಅಂದರು, ಬರವಣಿಗೆಯಲ್ಲಿ ಆದೇಶವೂ ಆಯಿತು. ಆದರೆ ಕೈದಿಯನ್ನು ಹೊರಗೆ ಕರೆದೊಯ್ಯಲು ಸಶಸ್ತ್ರ ಮೀಸಲು ಪಡೆಯ ಬೆಂಗಾವಲು ಬೇಕು. ಅದೇ ಸಿಗಲಿಲ್ಲ. ಆಗಸ್ಟ್ 19ಕ್ಕೆ ಬಂದೋಬಸ್ತ್ ಡ್ಯೂಟಿ. 28ಕ್ಕೆ ಗಣೇಶ ಹಬ್ಬ. ಸೆಪ್ಟೆಂಬರ್ 3ಕ್ಕೆ ವ್ಯಾನ್ ಕೆಟ್ಟಿದೆ. ಮೂರೂ ಸಲ ನಾನು ಆಸ್ಪತ್ರೆಯ ಓಪಿಡಿ ಮುಂದೆ ಬೆಳಗಿನಿಂದ ಮಧ್ಯಾಹ್ನದವರೆಗೆ ಬುತ್ತಿ ಕಟ್ಟಿಕೊಂಡು ಕಾದಿದ್ದೆ. ಬಸ್ ಖರ್ಚು ಮಾತ್ರ ಉಳಿಯಿತು, ಶಕ್ತಿ ಯೋಜನೆ ದಯೆ. ಅಂಗಡಿ ಬಾಗಿಲು ಹಾಕಿದ್ದಕ್ಕೆ ಯಾವ ಯೋಜನೆಯೂ ಇಲ್ಲ ನೋಡಿ.

ಈ ನಡುವೆ ಸಂದರ್ಶನಕ್ಕೆ ಹೋದಾಗ ಗಾಜಿನ ಆಚೆಯಿಂದ ಫೋನಿನಲ್ಲಿ ಅಣ್ಣ ಹೇಳಿದ: 'ಬೆರಳು ಕಪ್ಪಗ ಆಗೇತಿ. ವಾಸನಿ ಬರ್ತೇತಿ. ಬಾಜೂಕ ಮಲಗೋರು ದೂರ ಸರೀತಾರ.' ಅದು ಆಗಸ್ಟ್ 25. ತಾರೀಕು ನೆನಪಿಡಿ.

ವಕೀಲರು ಆಗ ಒಂದು ಮಾತು ಹೇಳಿದರು. ವಿಚಾರಣಾಧೀನ ಕೈದಿ ಜೈಲಿನಲ್ಲಿರುವುದು ಕೋರ್ಟು ಕಳಿಸಿದ್ದಕ್ಕೆ. ಹಾಗಾಗಿ ಅವನ ಆರೋಗ್ಯದ ಬಗ್ಗೆ ಮೊದಲು ಕೇಳಬೇಕಾದ್ದು ರಿಮ್ಯಾಂಡ್ ಕೊಟ್ಟ ಕೋರ್ಟನ್ನೇ. ನಾನು ಜೂನ್‌ನಲ್ಲಿ 'ಗೆ' ಅಂತ ನಿಂತಿದ್ದೆನಲ್ಲ, ಅಲ್ಲಿ ಬರೆಯಬೇಕಿದ್ದ ಹೆಸರು ಅದು. ಶಿಕ್ಷೆಯಾದ ಕೈದಿಗಳ ದಾರಿ ಬೇರೆ. ಅವರಿಗೆ ಮೇಲ್ಮನವಿ ಬಾಕಿಯಿದ್ದರೆ ಶಿಕ್ಷೆ ಅಮಾನತಿನಲ್ಲಿಡಿ ಅಂತ ಆ ಮೇಲ್ಮನವಿ ಕೋರ್ಟಿಗೆ ಹೋಗಬೇಕು, ಇಲ್ಲವೇ ಪೆರೋಲ್ ಕೇಳಬೇಕು.

ಅರ್ಜಿ ಹಾಕಿದ ಮೇಲೆ ಮುಂದಿನ ರಿಮ್ಯಾಂಡ್ ತಾರೀಕು ಸೆಪ್ಟೆಂಬರ್ 9. ಈಗೆಲ್ಲ ವಿಡಿಯೋ ಕಾನ್ಫರೆನ್ಸ್. ಜೈಲಿನ ಒಂದು ಕೋಣೆಯಲ್ಲಿ ಕೈದಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ, ಒಬ್ಬೊಬ್ಬರೇ ಕ್ಯಾಮೆರಾ ಮುಂದೆ ಬಂದು ಹೆಸರು ಹೇಳುತ್ತಾರೆ, ಮುಂದಿನ ತಾರೀಕು ಬೀಳುತ್ತದೆ. ಅರ್ಧ ನಿಮಿಷ. ಕ್ಯಾಮೆರಾದಲ್ಲಿ ಕಾಣುವುದು ಮುಖ. ಹುಣ್ಣಿದ್ದದ್ದು ಕಾಲಲ್ಲಿ. ಮೂರು ತಿಂಗಳು ಹೀಗೇ ಹೋಗಿತ್ತು. 'ಈ ಸಲ ಅವರೇ ಬಾಯಿ ಬಿಡಬೇಕು, ಹೆದರಬಾರದು ಅಂತ ಹೇಳಿಕಳಿಸಿ' ಅಂದರು ವಕೀಲರು. ಹಿಂದಿನ ಸಂದರ್ಶನದಲ್ಲಿ ಹೇಳಿದ್ದೆ.

ನಾನು ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿದ್ದೆ. ಪರದೆಯ ಮೇಲೆ ಅಣ್ಣ ಬಂದ. ಗಡ್ಡ ಬೆಳೆದಿತ್ತು. ಹೆಸರು ಹೇಳಿದ. ಗುಮಾಸ್ತರು ತಾರೀಕು ಕೂಗುವಷ್ಟರಲ್ಲಿ 'ಸ್ವಾಮಿ, ಒಂದ್ ನಿಮಿಷ' ಅಂದ. ಆಮೇಲೆ ಪಕ್ಕದವನ ಭುಜ ಹಿಡಿದುಕೊಂಡು, ಒಂಟಿಕಾಲಲ್ಲಿ ನಿಂತು, ಎಡಗಾಲನ್ನು ಎತ್ತಿ ಕ್ಯಾಮೆರಾದ ಮುಂದೆ ಹಿಡಿದ. ಪರದೆಯ ತುಂಬ ಪಾದ. ಸುತ್ತಿದ್ದ ಬಟ್ಟೆಯನ್ನು ಮೊದಲೇ ಬಿಚ್ಚಿಕೊಂಡು ಬಂದಿದ್ದ. ಹಾಲಿನಲ್ಲಿ ಗುಸುಗುಸು ನಿಂತುಹೋಯಿತು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಣ್ಣ ಎಷ್ಟು ಹೊತ್ತು ಹಾಗೆ ನಿಂತಿದ್ದನೋ, ಕಾಲು ನಡುಗುತ್ತಿತ್ತು. 'ಇಳಿಸಪ್ಪಾ, ಇಳಿಸು' ಅಂದರು. ಆಮೇಲೆ ಬರೆಸಿದರು. ಆರೋಪಿಯ ಎಡ ಪಾದದಲ್ಲಿ ಹುಣ್ಣು ಕಂಡುಬಂದಿದೆ, ಬೆರಳೊಂದು ಕಪ್ಪಾಗಿದೆ, ಸೂಕ್ತ ಚಿಕಿತ್ಸೆ ಕೊಡಿಸುವುದು.

ಅತ್ತುಬಿಟ್ಟೆ, ನಿಜ. ಆದರೆ ಸಂಜೆ ಬಸ್ಸಿನಲ್ಲಿ ಆದೇಶ ಮತ್ತೆ ಓದಿದಾಗ ನನ್ನೊಳಗಿನ ಟೈಪಿಸ್ಟ್ ಎಚ್ಚೆತ್ತಳು. 'ಸೂಕ್ತ ಚಿಕಿತ್ಸೆ' ಅಂದರೆ ಏನು? ಯಾರು ಕೊಡಬೇಕು, ಎಷ್ಟು ದಿನದಲ್ಲಿ, ಕೊಟ್ಟಿದ್ದನ್ನು ಯಾರು ಬಂದು ಹೇಳಬೇಕು? ಏನೂ ಇಲ್ಲ. ಬ್ಯಾಂಡೇಜ್ ಕಟ್ಟಿ ಮಾತ್ರೆ ಕೊಟ್ಟರೂ ಅದು ಸೂಕ್ತ ಚಿಕಿತ್ಸೆಯೇ. ಅರ್ಜಿಯಲ್ಲಿ ನಾವೇ ಹಾಗೆ ಕೇಳಿದ್ದೆವು, ಕೋರ್ಟು ಕೇಳಿದ್ದನ್ನೇ ಕೊಟ್ಟಿತು. ದಯವಿಟ್ಟು ಈ ತಪ್ಪು ಮಾಡಬೇಡಿ. ಯಾವ ತಜ್ಞರು, ಯಾವ ತಾರೀಕಿನೊಳಗೆ, ಬೆಂಗಾವಲು ಒದಗಿಸುವ ಹೊಣೆ ಯಾರದು, ವರದಿ ಯಾವತ್ತು ಅಂತ ಒಂದೊಂದೇ ಬಿಡಿಸಿ ಕೇಳಿ. ಆ ಆರ್ಡರ್ ಶೀಟಿನ ದೃಢೀಕೃತ ನಕಲಿಗೆ ಅವತ್ತೇ ಅರ್ಜಿ ಹಾಕಿ. ನಮಗೆ ನಕಲು ಸಿಗಲು ನಾಲ್ಕು ದಿನ ಬೇಕಾಯಿತು.

ಹೇಗೋ ಸೆಪ್ಟೆಂಬರ್ 12ಕ್ಕೆ ಜಿಲ್ಲಾಸ್ಪತ್ರೆಗೆ ಕರೆತಂದರು. ಬೆಂಚಿನ ಮೇಲೆ ಅಣ್ಣ, ಕೈಕೋಳದ ಇನ್ನೊಂದು ತುದಿ ಬೆಂಚಿನ ಕಬ್ಬಿಣಕ್ಕೆ. ಈ ಕಾಲಿನಲ್ಲಿ ಎಲ್ಲಿಗೆ ಓಡುತ್ತಾನೆ ಅಂತ ಕೇಳಿದೆ. 'ನನಗೂ ಕಾಣತೈತಿ ಅಕ್ಕಾರ. ಹೋದ್ರ ನನ್ನ ನೌಕರಿ ಹೊಕ್ಕೈತಿ' ಅಂದ ಕಾನ್‌ಸ್ಟೇಬಲ್ ಹುಡುಗ. ಅವನೇ ಹೋಗಿ ನಮಗೆಲ್ಲ ಚಹಾ ತಂದ. ಅಲ್ಲಿನ ಸರ್ಜನ್ ಅಳತೆ ಪಟ್ಟಿ ಇಟ್ಟು ಬರೆದರು: ಹುಣ್ಣು 3 ಸೆಂಟಿಮೀಟರ್ ಉದ್ದ 2 ಸೆಂಟಿಮೀಟರ್ ಅಗಲ, ಎರಡನೇ ಬೆರಳು ಕೊಳೆತಿದೆ, ರಕ್ತನಾಳದ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಆ ಓಪಿಡಿ ಚೀಟಿಯನ್ನು ಕಾನ್‌ಸ್ಟೇಬಲ್ ಮಡಚಿ ಜೇಬಿಗಿಡುವ ಮೊದಲು ನಾನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡೆ. ಇಡೀ ಐದು ತಿಂಗಳಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ. ಮೂಲ ಚೀಟಿ ಜೈಲಿನ ಫೈಲಿಗೆ ಹೋಯಿತು.

ಜೈಲಿನ ವೈದ್ಯಕೀಯ ದಾಖಲೆಗೆ 15ನೇ ತಾರೀಕು ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದೆ, ಅಣ್ಣನ ಸಹಿಯ ಒಪ್ಪಿಗೆ ಪತ್ರ ಇಟ್ಟು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಹತ್ತು ರೂಪಾಯಿ ಶುಲ್ಕ. ಪ್ರಾಣಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯಲ್ಲಿ ಕೊಡಬೇಕು ಅಂತ ಕಾಯ್ದೆಯ 7(1)ರಲ್ಲಿದೆ. ಅದನ್ನು ಅರ್ಜಿಯ ತಲೆಯಲ್ಲೇ ದಪ್ಪಕ್ಷರದಲ್ಲಿ ಹಾಕಿದೆ. ಮಾನವ ಹಕ್ಕು ಆಯೋಗಕ್ಕೂ ಒಂದು ದೂರು ಕಳಿಸಿದೆ, ಅದಕ್ಕೆ ಶುಲ್ಕವಿಲ್ಲ. ಆದರೆ ಕೋರ್ಟಿನಲ್ಲಿರುವ ವಿಷಯವನ್ನು ಆಯೋಗ ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದಿಲ್ಲ. ನಮ್ಮದೂ ಹಾಗೇ ಆಯಿತು.

ಇನ್ನು ಸೆಷನ್ಸ್ ಕೋರ್ಟಿನಲ್ಲಿ ವೈದ್ಯಕೀಯ ಕಾರಣಕ್ಕೆ ಜಾಮೀನು ಕೇಳಿದೆವು. ಕಾಯಿಲೆಯವರು, ಅಶಕ್ತರು, ಹೆಂಗಸರು ಅಂತಾದರೆ ಗಂಭೀರ ಕೇಸಿನಲ್ಲೂ ಬೇಲ್ ಕೊಡಬಹುದು ಅಂತ ಬಿಎನ್‌ಎಸ್‌ಎಸ್ 480ರಲ್ಲಿದೆ. ಕೊಡಬಹುದು, ಕೊಡಲೇಬೇಕು ಅಂತಿಲ್ಲ. ಕೋರ್ಟು ಮುಖ್ಯವಾಗಿ ನೋಡುವುದು ಈ ಚಿಕಿತ್ಸೆ ಜೈಲಿನಿಂದಲೇ ಕೊಡಿಸಲು ಆಗುತ್ತದಾ ಇಲ್ಲವಾ ಅಂತ. ಜೈಲಿನಿಂದ ವರದಿ ಬಂತು. ಕೈದಿಯ ಸ್ಥಿತಿ ಸ್ಥಿರವಾಗಿದೆ, ಜೈಲು ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿದೆ, ಕೈದಿಯೇ ಹಲವು ಸಲ ಇನ್ಸುಲಿನ್ ನಿರಾಕರಿಸಿದ್ದಾನೆ. ಅಲ್ಲಿಗೆ ಮುಗಿಯಿತು. ಸೆಪ್ಟೆಂಬರ್ 24ಕ್ಕೆ ಅರ್ಜಿ ವಜಾ. ಅವನು ಯಾಕೆ ನಿರಾಕರಿಸಿದ ಅನ್ನುವುದು ನಮ್ಮ ಕಡೆ ಯಾವ ಕಾಗದದಲ್ಲೂ ಇರಲಿಲ್ಲ. ಊಟದ ಹೊತ್ತಿನ ವಿಷಯವನ್ನು ಜುಲೈಯಲ್ಲೇ ಒಂದು ಪತ್ರದಲ್ಲಿ ಬರೆದು ಸೀಲು ಹಾಕಿಸಿದ್ದರೆ ಸಾಕಿತ್ತು. ಅವತ್ತು ರಾತ್ರಿ ಅತ್ತಿಗೆ ಊಟ ಮಾಡಲಿಲ್ಲ. ನಾನು ಮಾಡಿದೆ, ಸಿಟ್ಟಿಗೆ ಹಸಿವು ಜಾಸ್ತಿ ನನಗೆ.

ಅಷ್ಟರಲ್ಲಿ ದುಡ್ಡೂ ಮುಗಿದಿತ್ತು. ವಕೀಲರ ಫೀಸು 30,000. ಅತ್ತಿಗೆಯ ಬೆಂಡೋಲೆ ಮತ್ತು ಎರಡು ಬಳೆ ಸೊಸೈಟಿಯಲ್ಲಿ ಅಡ. ಹೈಕೋರ್ಟು ಅಂದರೆ ಇನ್ನೂ ಎಷ್ಟು ಬೇಕೋ ಅಂತ ಕೈಚೆಲ್ಲಿ ಕೂತಿದ್ದಾಗ ದಾರಿ ತೋರಿಸಿದ್ದು ಜೈಲಿಗೆ ಬರುವ ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕಿ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆದರೂ ವಕೀಲರು ಉಚಿತ. ಆದಾಯ ಪ್ರಮಾಣಪತ್ರ ಬೇಡ. ಹೈಕೋರ್ಟಿಗೂ ಇದು ಅನ್ವಯ. 15100ಕ್ಕೆ ಫೋನ್ ಮಾಡಿದರೂ ಆಯಿತು. ಇದನ್ನು ಜೂನ್‌ನಲ್ಲಿ ಯಾರೂ ಹೇಳಲಿಲ್ಲ. ಫ್ರೀ ವಕೀಲರು ಕೆಲಸ ಮಾಡುವುದಿಲ್ಲ ಅಂತ ಊರಲ್ಲಿ ಹೆದರಿಸಿದವರೇ ಎಲ್ಲ. ನಮಗೆ ಸಿಕ್ಕವರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದರೂ ಉತ್ತರ ಕೊಡುತ್ತಿದ್ದರು. ವಕಾಲತ್ತಿಗೆ, ಅಂದರೆ ನಮ್ಮ ಪರ ವಾದಿಸಲು ವಕೀಲರಿಗೆ ಅಧಿಕಾರ ಕೊಡುವ ಕಾಗದಕ್ಕೆ, ಅಣ್ಣನ ಸಹಿ ಜೈಲಿನ ಮೂಲಕ, ಅಧಿಕಾರಿಯ ದೃಢೀಕರಣದೊಂದಿಗೆ ಬರಬೇಕು. ಅದಕ್ಕೇ ಆರು ದಿನ ಹೋಯಿತು. ನೀವು ಹೋಗುವಾಗ ಖಾಲಿ ವಕಾಲತ್ತು ನಾಲ್ಕೈದು ಕೊಟ್ಟು ಒಂದೇ ಸಲ ಸಹಿ ಮಾಡಿಸಿಕೊಳ್ಳಿ.

ಧಾರವಾಡದ ಹೈಕೋರ್ಟು ಊರ ಹೊರಗೆ, ಹೈವೇ ಪಕ್ಕ. ಅಲ್ಲಿಗೆ ಹೋಗುವ ಮೊದಲು ಫೈಲಿನ ಕೆಲಸ. ವಕೀಲರು ಎರಡು ಅರ್ಜಿ ಅಂದರು. ಚಿಕಿತ್ಸೆ, ಬೆಂಗಾವಲು, ಚಪ್ಪಲಿ, ಊಟದ ಹೊತ್ತು, ಇವಕ್ಕೆಲ್ಲ ಸಂವಿಧಾನದ 226ನೇ ವಿಧಿಯಡಿ ರಿಟ್, ಅಂದರೆ ಸರ್ಕಾರದವರಿಗೆ ಆದೇಶ ಕೊಡಿ ಅಂತ ಹೈಕೋರ್ಟನ್ನು ಕೇಳುವ ಅರ್ಜಿ. ಜಾಮೀನಿಗೆ ಬಿಎನ್‌ಎಸ್‌ಎಸ್ 483ರಡಿ ಬೇರೆ. ಸೆಷನ್ಸ್‌ನಲ್ಲಿ ಜೈಲಿನವರು ಲಗತ್ತಿಸಿದ್ದ ಆರು ಪುಟದ ದಾಖಲೆ ಇತ್ತು, ಯಾರಿಗೂ ಓದಲಾಗದ ಅಕ್ಷರ. ರಿಜಿಸ್ಟ್ರಿಯವರು ಟೈಪ್ ಮಾಡಿದ ಪ್ರತಿ ಬೇಕೆಂದು ಆಕ್ಷೇಪಣೆ ಹಾಕಿ ವಾಪಸು ಕೊಟ್ಟರು. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದವೂ ಬೇಕು. ಅಷ್ಟರಲ್ಲಿ ದಸರಾ ರಜೆ.

ಆಯುಧಪೂಜೆಯ ದಿನ ಅಂಗಡಿಯ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಅದೇ ಕಂಪ್ಯೂಟರಿನಲ್ಲಿ ಅಣ್ಣನ ಕಾಲಿನ ಕಥೆ ಟೈಪ್ ಮಾಡಲು ಕೂತೆ. ಮೆಡಿಕಲ್ ಶಾಪಿನ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ, ಡಾಕ್ಟರ ಅಕ್ಷರ ಅವನಿಗೆ ಬರುತ್ತದೆ. ಒಂದು, ಎರಡು, ಮೂರು ಪುಟ ಆಯಿತು. ನಾಲ್ಕನೇ ಪುಟದಲ್ಲಿ ಆಗಸ್ಟ್ 26. ಅದರ ಮುಂದೆ 'ಪಾದಗಳು: ಎನ್‌ಎಡಿ'. ಹಾಗಂದರೆ ಏನೋ ಅಂತ ಕೇಳಿದೆ. 'ತೊಂದರೆ ಏನೂ ಕಂಡುಬಂದಿಲ್ಲ ಅಂತ ಅಕ್ಕ' ಅಂದ. ಹಿಂದಿನ ದಿನವಷ್ಟೇ ಅಣ್ಣ ಗಾಜಿನಾಚೆ ನಿಂತು ವಾಸನೆಯ ಮಾತು ಹೇಳಿದ್ದ. ಎನ್‌ಎಡಿ ಅಂತ ಟೈಪ್ ಮಾಡಲು ಮೂರು ಕೀ ಸಾಕು. ಕೈ ಏಳಲಿಲ್ಲ. ಹುಡುಗನೇ ಒತ್ತಿದ.

ಆಮೇಲೆ ತಿಳಿಯಿತು, ನಮಗೆ ಬೇಕಾಗಿದ್ದದ್ದೂ ಅದೇ ಸಾಲು. ವಕೀಲರು ಆ ಪುಟವನ್ನೂ ನನ್ನ ಮೊಬೈಲಿನ ಓಪಿಡಿ ಚೀಟಿಯನ್ನೂ ಅಕ್ಕಪಕ್ಕ ಇಟ್ಟರು. ಆಗಸ್ಟ್ 26ಕ್ಕೆ ಏನೂ ಇಲ್ಲ. ಸೆಪ್ಟೆಂಬರ್ 12ಕ್ಕೆ ಕೊಳೆತ ಬೆರಳು. ನಡುವೆ ಕ್ಯಾಮೆರಾದ ಮುಂದೆ ಎತ್ತಿದ ಪಾದದ ಆರ್ಡರ್ ಶೀಟ್. ಜೊತೆಗೆ ಬೆಂಗಾವಲು ತಪ್ಪಿದ ಮೂರು ತಾರೀಕು.

ಅಕ್ಟೋಬರ್ 9ಕ್ಕೆ ಕೇಸು ಬೋರ್ಡಿಗೆ ಬಂತು. ನನ್ನ ವಕೀಲರು 1996ರ ಒಂದು ತೀರ್ಪು ಹೇಳಿದರು, ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ. ಬೆಂಗಳೂರಿನ ಸೆಂಟ್ರಲ್ ಜೈಲಿನ ಕೈದಿಯೊಬ್ಬ ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ ಅಲ್ಲಿ ರಿಟ್ ಅರ್ಜಿಯಾಗಿತ್ತಂತೆ. ನಮ್ಮ ಜೈಲುಗಳ ಒಂಬತ್ತು ದೊಡ್ಡ ಸಮಸ್ಯೆ ಅಂತ ಕೋರ್ಟು ಪಟ್ಟಿ ಮಾಡಿದ್ದರಲ್ಲಿ ಆರೋಗ್ಯದ ಕಡೆಗಣನೆಯೂ ಒಂದು. ಒಂದು ಕಾಗದ ಅಷ್ಟು ದೂರ ಹೋಗುತ್ತದೆ ಅಂತ ಕೇಳಿ, ಕಾಗದದ್ದೇ ವ್ಯಾಪಾರ ಮಾಡುವ ನನಗೆ ಒಂಥರಾ ಅನಿಸಿತು. ಸರ್ಕಾರಿ ವಕೀಲರು ಎರಡು ವಾರ ಸಮಯ ಕೇಳಿದರು. ನ್ಯಾಯಮೂರ್ತಿಗಳು ಓಪಿಡಿ ಚೀಟಿ ನೋಡಿದರು. ಎರಡು ವಾರದಲ್ಲಿ ಕಾಲು ಇರುತ್ತದಾ ಅನ್ನುವ ಅರ್ಥದಲ್ಲಿ ಏನೋ ಇಂಗ್ಲಿಷಿನಲ್ಲಿ ಕೇಳಿದರು. ಆಮೇಲೆ ಆದೇಶ ಬರೆಸಿದರು: ಐದು ದಿನದೊಳಗೆ ಸರ್ಕಾರಿ ಮೆಡಿಕಲ್ ಕಾಲೇಜಿನ ಮೂವರು ತಜ್ಞರ ಮಂಡಳಿಯಿಂದ ತಪಾಸಣೆ, ಬೆಂಗಾವಲು ಇಲ್ಲ ಅನ್ನುವ ಕಾರಣ ಒಪ್ಪುವುದಿಲ್ಲ, ವರದಿ ನೇರ ಕೋರ್ಟಿಗೆ, ಅಲ್ಲಿಯವರೆಗೆ ಎಂಸಿಆರ್ ಚಪ್ಪಲಿ ಕೊಡುವುದು. ಚಪ್ಪಲಿ ಅಂತ ಆದೇಶದಲ್ಲಿ ಓದಿದಾಗ ನಗು ಬಂತು, ಕಣ್ಣೀರೂ ಬಂತು.

14ಕ್ಕೆ ತಪಾಸಣೆ, ಅವತ್ತೇ ದಾಖಲು. 17ಕ್ಕೆ ಎರಡು ಬೆರಳು ತೆಗೆದರು. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 11.2 ಇತ್ತು, 7ರ ಹತ್ತಿರ ಇರಬೇಕಾದದ್ದು. ಆರು ವಾರ ಮೊದಲು ಬಂದಿದ್ದರೆ ಬೆರಳು ಉಳಿಸಬಹುದಿತ್ತೇನೋ ಅಂದರು ಸರ್ಜನ್. ಇದನ್ನು ಬರೆದುಕೊಡಿ ಅಂದೆ. ಬರೆದುಕೊಡಲಿಲ್ಲ. ದೀಪಾವಳಿ ಪಾಡ್ಯದ ದಿನ ಕೈದಿಗಳ ವಾರ್ಡಿನ ಹೊರಗೆ ಅತ್ತಿಗೆ ಹೋಳಿಗೆ ಡಬ್ಬಿ ಹಿಡಿದು ನಿಂತಿದ್ದಳು. ಸಕ್ಕರೆಯವನಿಗೆ ಹೋಳಿಗೆ ಯಾಕೆ ಅಂತ ಕೇಳಿದೆ. 'ಪೊಲೀಸರಿಗೆ' ಅಂದಳು.

ಮಂಡಳಿಯ ವರದಿಯಲ್ಲಿ ಒಂದು ವಾಕ್ಯ ಇತ್ತು. ದಿನ ಬಿಟ್ಟು ದಿನ ಡ್ರೆಸ್ಸಿಂಗ್, ಊಟಕ್ಕೆ ಹೊಂದಿಸಿದ ಇನ್ಸುಲಿನ್ ಮತ್ತು ರಾತ್ರಿಯ ನಿಗಾ ಬೇಕು, ಇವು ಜೈಲು ಆಸ್ಪತ್ರೆಯಲ್ಲಿ ಲಭ್ಯವಿಲ್ಲ. ಈ ಒಂದು ವಾಕ್ಯಕ್ಕೇ ಅಕ್ಟೋಬರ್ 30ಕ್ಕೆ ಎಂಟು ವಾರದ ಮಧ್ಯಂತರ ಜಾಮೀನು ಸಿಕ್ಕಿತು. ಕಾಯಿಲೆ ಎಷ್ಟು ದೊಡ್ಡದು ಅಂತ ಬರೆಸುವುದಕ್ಕಿಂತ ಜೈಲಿನಲ್ಲಿ ಏನು ಸಿಗುವುದಿಲ್ಲ ಅಂತ ಬರೆಸುವುದು ಮುಖ್ಯ.

ಬೇಲ್ ಸಿಕ್ಕಿದ ಮೇಲೂ ಅಣ್ಣ ಬರಲಿಲ್ಲ. ಒಂದು ಲಕ್ಷದ ಬಾಂಡ್, ಇಬ್ಬರು ಜಾಮೀನುದಾರರು. ಶುಕ್ರವಾರ ಸೋದರಮಾವನ ಪಹಣಿ ಇಟ್ಟರೆ ಹನ್ನೊಂದನೇ ಕಾಲಮ್ಮಿನಲ್ಲಿ ಬ್ಯಾಂಕಿನ ಸಾಲದ ಬೋಜಾ ಇದೆ ಅಂತ ಒಪ್ಪಲಿಲ್ಲ. ನೂರಾರು ಪಹಣಿ ಪ್ರಿಂಟ್ ಮಾಡಿದ ನಾನು ಅದನ್ನು ನೋಡಿರಲೇ ಇಲ್ಲ. ಶನಿವಾರ ರಾಜ್ಯೋತ್ಸವದ ರಜೆ, ಮರುದಿನ ಭಾನುವಾರ. ಸೋಮವಾರ ಬೇರೆಯವರ ಪಹಣಿ ಆಯಿತು. ನವೆಂಬರ್ 3, ಸಂಜೆ ಏಳಕ್ಕೆ ಅಣ್ಣ ಹೊರಗೆ ಬಂದ. ಬಲಗಾಲಿಗೆ ಚಪ್ಪಲಿ, ಎಡಗಾಲಿಗೆ ಬ್ಯಾಂಡೇಜು. ಕೈಯಲ್ಲಿ ಪೇಪರಿನ ಪೊಟ್ಟಣ. 'ಬಸ್ಸಿನ್ಯಾಗ ಬೇಕಾದ್ರ ಅಂತ ಆ ಹುಡುಗ ಕೊಟ್ಟಾನ' ಅಂದ. ಬೆಲ್ಲ.

ಜಾಮೀನುದಾರರನ್ನು ಬೇಲ್ ಸಿಗುವ ಮೊದಲೇ ಹುಡುಕಿಟ್ಟುಕೊಳ್ಳಿ. ಬೇಲ್ ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಕೋರ್ಟೇ ಜೈಲಿಗೆ ಇಮೇಲ್ ಮಾಡಬೇಕು, ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನವರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಿಮ್ಮದು ತಡವಾದರೆ ಅದನ್ನು ಕೇಳಿ.

ಒಟ್ಟು ಖರ್ಚು ಲೆಕ್ಕ ಹಾಕಿದರೆ 58,000 ದಾಟಿತು. ಬೆಂಡೋಲೆ ಬಿಡಿಸಿಕೊಂಡಿದ್ದೇವೆ, ಬಳೆ ಇನ್ನೂ ಅಲ್ಲೇ ಇವೆ. ಎಂಟು ವಾರ ಮುಗಿಯುವ ಮೊದಲೇ, ಡಿಸೆಂಬರ್‌ನಲ್ಲಿ, ರೆಗ್ಯುಲರ್ ಬೇಲ್ ಆಯಿತು. ಕೇಸು ನಡೆಯುತ್ತಿದೆ.

ಸೆಪ್ಟೆಂಬರ್ 15ಕ್ಕೆ ಹಾಕಿದ್ದೆನಲ್ಲ, 48 ಗಂಟೆಯ ಮಾಹಿತಿ ಹಕ್ಕಿನ ಅರ್ಜಿ? ಅದರ ಉತ್ತರ ಮೊನ್ನೆ ಬಂತು. ಹತ್ತೊಂಬತ್ತು ಪುಟ ಇದೆ, ಪುಟಕ್ಕೆ ಎರಡರಂತೆ 38 ರೂಪಾಯಿ ಕಟ್ಟಿದರೆ ಕೊಡುತ್ತೇವೆ ಅಂತ. ಗಡುವು ಮೀರಿದರೆ ಮಾಹಿತಿ ಉಚಿತವಾಗಿ ಕೊಡಬೇಕು ಅಂತ ಅದೇ ಕಾಯ್ದೆಯ 7(6)ರಲ್ಲಿದೆ. ಉತ್ತರ ಟೈಪ್ ಮಾಡಿಟ್ಟಿದ್ದೇನೆ. ನಾಳೆ ಸ್ಪೀಡ್ ಪೋಸ್ಟ್ ಮಾಡಬೇಕು, ರಸೀದಿ ಇಟ್ಟುಕೊಳ್ಳಬೇಕು.